ಬಾಗಿಲಿಗೆ ಬೀಗ ಯಾಕೆ ಸ್ವಾಮಿ?

ಹೀರೋ ಬೆಂಕಿಯೊಳಗೆ ನುಗ್ತಾನೆ, ಹೀರೋಯಿನ್ನನ್ನು ಎತ್ತಿಕೊಂಡು ಹೊರಗೆ ಬರ್ತಾನೆ. ಅಂಗಿ ಒಂದಿಷ್ಟು ಸುಟ್ಟಿರುತ್ತೆ, ಕ್ರಾಪು ಮಾತ್ರ ಕೆಟ್ಟಿರೋದಿಲ್ಲ! ನಾವೂ ಶಿಳ್ಳೆ ಹೊಡೀತೀವಿ. ಆದರೆ ಚಿತ್ರರಸಿಕರೇ, ನಾವು ಕೂತ ಟಾಕೀಸಿಗೇ ಬೆಂಕಿ ಬಿದ್ದರೆ? ಆಗ ಯಾವ ಹೀರೋನೂ ಬರೋದಿಲ್ಲ. ಬಾಗಿಲು ತೆರೆದಿರಬೇಕು, ಅಷ್ಟೆ.

1997ರ ಜೂನ್ 13, ಶುಕ್ರವಾರ. ದೆಹಲಿಯ ಗ್ರೀನ್ ಪಾರ್ಕಿನ ಉಪಹಾರ್ ಟಾಕೀಸಿನಲ್ಲಿ ‘ಬಾರ್ಡರ್’ ಬಿಡುಗಡೆ. ಕೆಳಗೆ ಕಾರು ನಿಲ್ಲಿಸೋ ಜಾಗದ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್. ಬೆಳಿಗ್ಗೆಯೇ ಒಮ್ಮೆ ಅದಕ್ಕೆ ಬೆಂಕಿ ಹತ್ತಿತ್ತು. ಹೇಗೋ ರಿಪೇರಿ ಮಾಡಿ ಮತ್ತೆ ಕರೆಂಟು ಕೊಟ್ಟರು. ಸಂಜೆ ಐದರ ಹೊತ್ತಿಗೆ ಮತ್ತೆ ಕಿಡಿ. ಎಣ್ಣೆ ಸೋರಿತು, ಕಾರುಗಳು ಹೊತ್ತಿಕೊಂಡವು, ಹೊಗೆ ಮೆಟ್ಟಿಲು ಹತ್ತಿ ಬಾಲ್ಕನಿಗೆ ಬಂತು.

ಕೆಳಗೆ ಕೂತವರು ಓಡಿ ಬಚಾವಾದರು. ಹೆಚ್ಚು ದುಡ್ಡು ಕೊಟ್ಟು ಮೇಲೆ ಕೂತವರ ಗತಿ? ಹೆಚ್ಚುವರಿ ಸೀಟು ಹಾಕಿ ಬಲಗಡೆಯ ಓಡಾಟದ ದಾರಿ ಮುಚ್ಚಿದ್ದರು. ಅತ್ತ ಹೊರಹೋಗುವ ಬಾಗಿಲಿಗೆ ಮಾಲೀಕರ ಮನೆಯವರ ಬಾಕ್ಸು ಅಡ್ಡ. ತುರ್ತು ದೀಪವಿಲ್ಲ, ಮೈಕಿನಲ್ಲಿ ಎಚ್ಚರಿಸುವವರಿಲ್ಲ. 59 ಜನ ಹೋದರು... ಬಹುಪಾಲು ಸುಟ್ಟು ಅಲ್ಲ, ಹೊಗೆಗೆ ಉಸಿರುಕಟ್ಟಿ! ಮಕ್ಕಳನ್ನು ಕಳೆದುಕೊಂಡ ಹೆತ್ತವರು ಸಂಘ ಕಟ್ಟಿ ವರ್ಷಗಟ್ಟಲೆ ಕೋರ್ಟು ಅಲೆದರು. 2015ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕ ಸಹೋದರರಿಗೆ ತಲಾ 30 ಕೋಟಿ ರೂಪಾಯಿ ದಂಡ ಹಾಕಿತು. ಒಂದು ಬಾಗಿಲು ಬಿಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು ಹೇಳಿ?

ದೆಹಲಿ ದೂರ ಅನ್ನಬೇಡಿ. 1989ರ ಫೆಬ್ರವರಿ 8ರಂದು ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಟೀವಿ ಧಾರಾವಾಹಿಯ ಶೂಟಿಂಗ್ ನಡೆದಿತ್ತು. ಗೋಡೆಗೆಲ್ಲ ಗೋಣಿತಾಟು, ತಲೆ ಮೇಲೆ ಸುಡುವ ಲೈಟುಗಳು, ಗಾಳಿಯಾಡಲು ಜಾಗವಿಲ್ಲ. 62 ಜನ ಬಲಿಯಾದರು. ನಟ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ಬದುಕಿ ಬಂದರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಆಫೀಸು ಕಟ್ಟಡದಲ್ಲಿ 9 ಜನ ಸತ್ತರು. ಅಲ್ಲೂ ಅದೇ ಹೊಗೆ, ಅದೇ ಬೀಗ ಹಾಕಿದ ಬಾಗಿಲು. ಕಿಟಕಿ ಗಾಜು ಒಡೆದು ಹಾರಿದವರೂ ಇದ್ದರು.

ನಿಯಮಗಳಿಲ್ಲವೇ? ಬೇಕಾದಷ್ಟಿವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಕಟ್ಟಡಗಳನ್ನು ಬಳಕೆಯ ಮೇಲೆ ಗುಂಪು ಮಾಡುತ್ತದೆ. ಮನೆಗೊಂದು, ಶಾಲೆಗೊಂದು, ಆಸ್ಪತ್ರೆಗೊಂದು, ಟಾಕೀಸು-ಕಲ್ಯಾಣಮಂಟಪದಂಥ ಜನ ಸೇರುವ ಜಾಗಕ್ಕೊಂದು. ಯಾಕೆ ಗೊತ್ತಾ? ಆಸ್ಪತ್ರೆಯ ರೋಗಿ ಓಡಲಾರ. ಅವನನ್ನು ಮಂಚದ ಸಮೇತ ಅದೇ ಮಹಡಿಯ ಸುರಕ್ಷಿತ ಭಾಗಕ್ಕೆ ತಳ್ಳಿಕೊಂಡು ಹೋಗುವಂತಿರಬೇಕು. ಶಾಲೆಯ ಮಕ್ಕಳಿಗೆ ಸಾಲಾಗಿ ಇಳಿಯೋ ಅಭ್ಯಾಸ ಬೇಕು. ಟಾಕೀಸಿನಲ್ಲಿ ಕತ್ತಲು, ನೂರಾರು ಜನ, ಯಾರಿಗೂ ದಾರಿ ಗೊತ್ತಿಲ್ಲ. ಅದಕ್ಕೇ ಬಾಗಿಲು ಹೊರಕ್ಕೆ ತೆರೆಯಬೇಕು, ಅದರ ಮೇಲೆ ದೀಪ ಉರೀತಿರಬೇಕು, ಸೀಟುಗಳ ನಡುವಿನ ದಾರಿ ಖಾಲಿ ಇರಬೇಕು.

‘ಬೀಗ ಹಾಕದಿದ್ದರೆ ಟಿಕೆಟ್ ಇಲ್ಲದೆ ನುಗ್ತಾರೆ’ ಅನ್ನೋದು ಮಾಲೀಕರ ಹಳೇ ರಾಗ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಚಿಲಕ ಮಾರ್ಕೆಟ್ಟಿನಲ್ಲಿ ಸಿಗುತ್ತೆ ಸ್ವಾಮಿ! ಹಾಕಿಸೋ ಮನಸ್ಸು ಬೇಕು.

ಇನ್ನು ನಮ್ಮ ಪಾಲಿನದು. ಸೀಟಿನಲ್ಲಿ ಕೂರುವ ಮೊದಲು ಹತ್ತಿರದ ಎರಡು ಬಾಗಿಲು ನೋಡಿಕೊಳ್ಳಿ. ಹೊಗೆ ಕಂಡರೆ ಬಗ್ಗಿ ನಡೆಯಿರಿ, ಲಿಫ್ಟ್ ಹತ್ತಬೇಡಿ. ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಬಾಗಿಲಿಗೆ ಬೀಗ ಕಂಡರೆ ಗೇಟ್‌ಕೀಪರ್‌ನ ಕರೆದು, ಶೋ ಶುರುವಾಗೋ ಮೊದಲೇ ತೆಗೆಸಿ. ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾವು. ಒಳಗೆ ಹೋಗೋಕೆ ಮಾತ್ರವಲ್ಲ, ಹೊರಗೆ ಬರೋಕೂ ಅದು ಟಿಕೆಟ್ಟೇ. ಏನಂತೀರಿ?