ತಾತನ ಮೇಲೆ ಕೆಂಪು ಗೀಟು

ಗಂಗಾವತಿ ಸೀಮೆಯ ಶ್ರೀರಾಮನಗರದ ಪರಿಚಿತರ ಮನೆಯಲ್ಲಿ ಈ ವಾರ ಐದನೇ ತರಗತಿಯ ಹುಡುಗಿಯೊಬ್ಬಳ ಕನ್ನಡ ನೋಟ್‌ಬುಕ್ ಕೈಗೆ ಬಂತು. ‘ನನ್ನ ಪರಿಚಯ’ ಎಂಬ ಪ್ರಬಂಧ. ‘ನಮ್ಮ ಮನೆಯಲ್ಲಿ ತೆಲುಗು ಮಾತಾಡುತ್ತೇವೆ. ನಮ್ಮ ತಾತ ಗೋದಾವರಿ ಕಡೆಯಿಂದ ಬಂದನು. ಕಾಲುವೆಗೆ ನೀರು ಬಿಟ್ಟ ದಿನ ಅವನು ಬೆಳಿಗ್ಗೆನೇ ಸ್ನಾನ ಮಾಡುತ್ತಾನೆ’ ಎಂದು ಬರೆದಿದ್ದಳು. ಅಷ್ಟರ ಮೇಲೂ ಕೆಂಪು ಶಾಯಿಯ ಅಡ್ಡಗೀಟು. ಮರುಪುಟದಲ್ಲಿ ಬೋರ್ಡ್ ನೋಡಿ ಬರೆದ ದುಂಡಗಿನ ಅಕ್ಷರ: ‘ನನ್ನ ಮಾತೃಭಾಷೆ ಕನ್ನಡ. ನಾನು ದೊಡ್ಡವಳಾಗಿ ಡಾಕ್ಟರ್ ಆಗುತ್ತೇನೆ.’ ಪಕ್ಕದ ಮನೆಯ ಹುಡುಗನ ಪುಸ್ತಕದಲ್ಲೂ ಇದೇ ಸಾಲು. ಅವನೂ ‘ದೊಡ್ಡವಳಾಗಿ’ ಎಂದೇ ಬರೆದಿದ್ದಾನೆ. ಅದಕ್ಕೆ ಹತ್ತಕ್ಕೆ ಹತ್ತು!

ನನಗೆ ಸಿಟ್ಟು ತಡೆಯಲಾಗಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆಯ ಜಾಡು ಹಿಡಿದು ಆಂಧ್ರದ ಕರಾವಳಿ ರೈತರು ಗಂಗಾವತಿ ಸೀಮೆಗೆ ಬಂದರು, ಕ್ಯಾಂಪುಗಳಲ್ಲಿ ನೆಲೆ ನಿಂತರು, ಇಲ್ಲಿಯವರ ಜೊತೆ ದುಡಿದು ಈ ನೆಲವನ್ನು ಭತ್ತದ ಕಣಜ ಮಾಡಿದರು. ಅವರ ಮೊಮ್ಮಕ್ಕಳು ಈಗ ಕನ್ನಡದಲ್ಲಿ ತಮ್ಮ ಕತೆ ತಾವೇ ಹೇಳಲು ಹೊರಟಿದ್ದಾರೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೆ? ಆ ಬಾಯಿಗೆ ಸುಳ್ಳು ತುರುಕಿ ನಾವು ಅಂಕ ಕೊಡುತ್ತಿದ್ದೇವೆ.

ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ತಮ್ಮ ಆತ್ಮಕತೆಗಳನ್ನು, ಮಾಸ್ತಿ ‘ಭಾವ’ವನ್ನೂ ಕಾರ್ನಾಡರು ‘ಆಡಾಡತ ಆಯುಷ್ಯ’ವನ್ನೂ, ಕನ್ನಡದಲ್ಲೇ ಬರೆದರು. ಮನೆಮಾತನ್ನು ಮುಚ್ಚಿಟ್ಟು ಅವರು ಕನ್ನಡದವರಾಗಲಿಲ್ಲ. ತನ್ನ ಮನೆ, ತನ್ನ ತಾತ, ತನ್ನ ಆಸೆ ಒಂದು ಭಾಷೆಯಲ್ಲಿ ಬರೆಯಲು ಬಂದ ದಿನ ಆ ಭಾಷೆ ಮಗುವಿಗೆ ಸ್ವಂತದ್ದಾಗುತ್ತದೆ. ಅಲ್ಲಿಯವರೆಗೆ ಅದು ಬರೀ ಪರೀಕ್ಷೆಯ ವಿಷಯ.

ಕೈ ಕೆಸರಾದರೆ ಬಾಯಿ ಮೊಸರು. ನಾಟಿ ಗದ್ದೆಗಳ ನಡುವಿನ ಶಾಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೆಯಲು ಕಲಿಯುವುದೂ ಹಾಗೆಯೇ: ವಿಭಕ್ತಿ ತಪ್ಪಲಿ, ಒತ್ತಕ್ಷರ ಜಾರಲಿ. ‘ಬಂದನು’ ಇದ್ದಲ್ಲಿ ‘ಬಂದರು’ ಆಗಬೇಕೆಂದು ಮೇಷ್ಟ್ರು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಲಿ. ಹೊಡೆದು ಹಾಕಲು ಮಾತ್ರ ಅವರಿಗೆ ಯಾವ ಹಕ್ಕೂ ಇಲ್ಲ.

ನವೆಂಬರ್ ಬಂದರೆ ಇದೇ ಮೇಷ್ಟ್ರುಗಳು ವೇದಿಕೆ ಹತ್ತಿ ಕನ್ನಡ ಉಳಿಸಿ ಎನ್ನುತ್ತಾರೆ. ತಾನಾಗಿ ಕನ್ನಡದಲ್ಲಿ ನಾಲ್ಕು ಸಾಲು ಬರೆದ ಮಗುವಿನ ಕೈ ತಡೆದವರಿಗೆ ಆ ಮೈಕು ಕೊಡಬಾರದು.