ಹಳೇ ಬಾರಿನ ಬಾಕಿ ಯಾರು ತೀರ್ಸಿದ್ರು?

ಹೋದ ಭಾನುವಾರ ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಸೀಮಂತ. ಊಟ ಆದ್ಮೇಲೆ ಗಂಡಸರೆಲ್ಲ ಶಾಮಿಯಾನದ ಕೆಳಗೆ ಕುರ್ಚಿ ಎಳ್ಕೊಂಡು ಕೂತ್ರು. ಮಾತೆಲ್ಲ ಒಂದೇ: ಬೀದಿ ತುದಿಯ ಹಳೇ ಬಾರನ್ನ ಕೆಡವ್ತಾವ್ರಂತೆ. ನಮ್ ಬಾವನ ಕಣ್ಣಲ್ಲಿ ನೀರೇ ಬಂತು ಕಣ್ರಮ್ಮಾ! ಅವ್ರಮ್ಮ ಹೋದಾಗ್ಲೂ ಅಷ್ಟು ಅತ್ತಿದ್ದು ನಾನು ನೋಡಿಲ್ಲ. "ಎಂಥಾ ಜಾಗ ಅದು! ಜಾತಿ ಇಲ್ಲ, ಕುಲ ಇಲ್ಲ. ಸಾಹುಕಾರ, ಕೂಲಿಯವ್ನು ಎಲ್ರಿಗೂ ಒಂದೇ ಬೆಂಚು" ಅಂದ್ರು. ತಾಂಬೂಲ ಹಂಚ್ತಿದ್ದೆ, ಬಾಯಿ ಮುಚ್ಕೊಂಡು ಬಂದೆ. ಇಲ್ಲಿ ಮುಚ್ಕೊಳ್ಳಲ್ಲ.

ಸೊಗಸು ಇರ್ಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಎಂಟೊಂಬತ್ತು ವರ್ಷದವಳಿದ್ದಾಗ ಅಪ್ಪನ್ನ ಕರ್ಕೊಂಡು ಬಾ ಅಂತ ಅಮ್ಮ ನನ್ನೇ ಕಳಿಸ್ತಿದ್ಳು. ನೀಲಿ ಸುಣ್ಣದ ಗೋಡೆ, ಗಲ್ಲಾದ ಮೇಲೆ ದೇವರ ಪಟ, ಊದುಕಡ್ಡಿ, ರೇಡಿಯೋ, ಬೋಟಿ ಗೊಜ್ಜಿನ ಘಮ. ಅಪ್ಪ ಬೇಯ್ಸಿದ ಕಡ್ಲೆಕಾಯಿ ಪೊಟ್ಟಣ ಕೊಡ್ಸಿ, "ನೀನ್ ನಡಿ, ಬತ್ತೀನಿ" ಅನ್ನೋರು. ಆ ಪೊಟ್ಟಣದ ಆಸೆಗೆ, ಅಪ್ಪ ನಾಳೆನೂ ಇಲ್ಲೇ ಇರ್ಲಿ ಅಂತ ಒಂದೊಂದ್ಸಲ ಅನ್ನಿಸ್ತಿತ್ತು. ಈಗ ನೆನೆಸ್ಕೊಂಡ್ರೆ ಹೊಟ್ಟೆ ಕಿವುಚ್ತದೆ.

ಯಾಕಂದ್ರೆ ಅಮ್ಮ ರೇಷ್ಮೆ ನೂಲು ತೆಗೆಯೋ ಕಡೆ ಬಿಸಿನೀರಿನ ಮುಂದೆ ಕೂರೋಳು. ಬೆಂದ ಗೂಡಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಲಿದೋಗಿರೋದು. ರಾತ್ರಿ ಬಿಸಿ ಮುದ್ದೆ ಮುರಿಯೋಕೂ ಉರಿ. ಶನಿವಾರ ಬಟವಾಡೆ. ಅವಳ ಸೆರಗಿನ ಗಂಟಲ್ಲಿದ್ದ ದುಡ್ಡು ಆ ಬೆಂಚಿಗೆ ಹೋಗೋಕೆ ಒಂದು ರಾತ್ರಿ ಸಾಕು. ಅಪ್ಪ ತೀರಿಕೊಂಡ ಮೇಲೆ ಬಾರಿನ ಸಾಲದ ಪುಸ್ತಕದಲ್ಲಿ ಉಳಿದಿದ್ದ ಬಾಕೀನೂ ಅಮ್ಮನೇ ಓಲೆ ಅಡ ಇಟ್ಟು ತೀರ್ಸಿದ್ಳು. ನಾನು ತಿಂದ ಕಡ್ಲೆಕಾಯಿಗೂ ಅವಳೇ ಕೊಟ್ಟಂಗಾಯ್ತು.

ಜಾತಿ ಇರ್ಲಿಲ್ಲ ಅಂದ್ರಲ್ಲ ಬಾವ, ಬೆಂಚಲ್ಲಿ ಹೆಗಲ ಮೇಲೆ ಕೈ ಹಾಕಿದವ್ರನ್ನೆಲ್ಲ ನಡುಮನೆಗೆ ಕರ್ದು ಊಟಕ್ಕಿಕ್ಕಿದ ಒಂದು ದಿನ ಹೇಳಿ ನೋಡಣ. ಅಮಲು ಇಳೀತಿದ್ದಂಗೆ ಜಾತಿ ಬಂದು ಜಗಲೀಲಿ ಕೂರ್ತಿತ್ತು. ಆ ಭೇದ ಇಲ್ಲದ ಜಾಗದಲ್ಲಿ ಹೆಂಗಸು ಅಂತ ಇದ್ದೋಳು ಒಬ್ಳೇ, ಹಿಂದುಗಡೆ ಗ್ಲಾಸು ತೊಳೆಯೋಳು. ಬಾವ ಯೆಂಡ್ಕುಡ್ಕ ರತ್ನನ್ನೂ ಎಳೆದು ತಂದ್ರು. ಆ ಪದಗಳನ್ನ ಕಟ್ಟಿದ ಜಿ.ಪಿ. ರಾಜರತ್ನಂ ಹೆಂಡ ಮುಟ್ಟಿದೋರೇ ಅಲ್ಲ!

ಸರ್ಕಾರಾನೂ ನಮ್ಮ ಗಂಡಸ್ರ ಥರಾನೇ. ಮದ್ಯ ನಿಲ್ಲಿಸೋಕೆ ಪ್ರಯತ್ನ ಪಡಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳ್ತದೆ. 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ಅಮ್ಮ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ಳು. ಪ್ಯಾಕೆಟ್ ಸಾರಾಯಿ ಹೋಯ್ತು, ಅದಕ್ಕಿಂತ ದುಬಾರಿ ವಿಸ್ಕಿ ಬಂತು. 2023ರಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಸುಂಕ ಶೇ. 20 ಏರಿಸಿದ್ರು. 2024-25ರ ಬಜೆಟ್ಟಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಗುರಿ. ರೇಟು ಏರಿದ್ರೆ ಚಟ ಹತ್ತಿದೋನು ಗುಟುಕು ಕಮ್ಮಿ ಮಾಡಲ್ಲ, ಮನೆಗೆ ತರೋ ಬೇಳೆ ಕಮ್ಮಿ ಮಾಡ್ತಾನೆ. ಗೃಹಲಕ್ಷ್ಮಿ 2,000 ರೂಪಾಯಿ ಒಂದು ಕೈಲಿ ಬಂದು ಅದೇ ಸರ್ಕಾರಕ್ಕೆ ವಾಪಸ್ ಹೋಗೋ ಮನೆಗಳು ನಮ್ಮ ಬೀದೀಲೇ ಅವೆ.

1992ರಲ್ಲಿ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸ್ರು ಸಾರಾಯಿ ವಿರುದ್ಧ ಎದ್ದು ನಿಂತ್ರು. 2019ರ ಜನವರೀಲಿ ಸಾವಿರಾರು ಹೆಂಗಸ್ರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗ್ಳೂರ್‌ಗಂಟ ನಡ್ಕೊಂಡೇ ಬಂದ್ರು. ಅವ್ರ ಬೊಬ್ಬೆ ಬಂದ ಕಾಲಿಗೆ ಬಾವ ಒಂದು ಹನಿ ಕಣ್ಣೀರು ಹಾಕ್ಲಿಲ್ಲ.

ದುಡಿದು ಬಂದ ಗಂಡಸ್ರು ಕೂತು ಮಾತಾಡೋಕೆ ಜಾಗ ಬೇಡ ಅಂತ ನಾನಂತಿಲ್ಲ. ನಮಗೂ ಬೇಕಲ್ವಾ? ಅರಳೀಕಟ್ಟೆ ಅವ್ರದು, ಟೀ ಅಂಗಡಿ ಬೆಂಚು ಅವ್ರದು. ನಾವು ಮಾತಾಡೋದು ನಲ್ಲಿ ಹತ್ರ, ಬಿಂದಿಗೆ ತುಂಬೋವರ್ಗೆ ಅಷ್ಟೇ. ಬಾರು ಕೆಡವಿದ ಜಾಗದಲ್ಲಿ ನಮಗೊಂದು ಬೆಂಚು ಹಾಕ್ಸಲಿ. ಕಡ್ಲೆಕಾಯಿ ನಾವೇ ಬೇಯ್ಸ್ಕೊಂಡು ಬತ್ತೀವಿ.

ಅಕ್ಕಂದಿರಾ, ಮುಂದಿನ ಸಮಾರಂಭದಲ್ಲಿ ಈ ಕಥೆ ಮತ್ತೆ ಶುರುವಾದ್ರೆ ನನ್ನಂಗೆ ಸುಮ್ನೆ ಬರಬೇಡಿ. ತಾಂಬೂಲದ ತಟ್ಟೆ ಕೆಳಗಿಟ್ಟು ಒಂದೇ ಮಾತು ಕೇಳಿ: ಬಾಕಿ ಯಾರು ತೀರ್ಸಿದ್ರು?