ತೀರ್ಪಿಗೆ ಮುನ್ನವೇ ಮುಗಿಯುವ ಅಧಿಕಾರಾವಧಿ

ಗ್ರಾಮ ಪಂಚಾಯಿತಿ ಚುನಾವಣೆಯ ನಾಮಪತ್ರ ಪರಿಶೀಲನೆಯ ದಿನ ಪ್ರತಿಸ್ಪರ್ಧಿಯೊಬ್ಬನು ಎದ್ದು ನಿಂತು, ಮೀಸಲು ಸ್ಥಾನಕ್ಕೆ ನಾಮಪತ್ರ ಸಲ್ಲಿಸಿರುವ ಈ ಮನುಷ್ಯ ಆ ಜಾತಿಯವನೇ ಅಲ್ಲವೆಂದು ಆಕ್ಷೇಪಿಸಿದನೆನ್ನಿ; ಚುನಾವಣಾಧಿಕಾರಿಗಳು ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ತಾಳೆ ನೋಡಿ, ‘ಪತ್ರ ಸರಿಯಾಗಿದೆ, ಮಿಕ್ಕಿದ್ದನ್ನು ಕೋರ್ಟಿನಲ್ಲಿ ನೋಡಿಕೊಳ್ಳಿ’ ಎಂದು ಮುಂದಿನ ನಾಮಪತ್ರಕ್ಕೆ ಕೈಹಾಕುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಬೇರಾವುದೋ ಇಲಾಖೆಯಿಂದ ಕೆಲವು ದಿನಗಳ ಮಟ್ಟಿಗೆ ನಿಯೋಜಿತರಾಗಿ ಬಂದ ಅಧಿಕಾರಿ ಒಂದು ಮಧ್ಯಾಹ್ನದೊಳಗೆ ಒಬ್ಬನ ವಂಶಾವಳಿಯನ್ನು ನಿರ್ಣಯಿಸಬೇಕೆಂದು ಬಯಸುವುದು ಅನ್ಯಾಯವಷ್ಟೇ ಅಲ್ಲ, ಅಪಾಯವೂ ಹೌದು. ಊರಿನ ಬಲಾಢ್ಯರ ಮಾತಿಗೆ ಮಣಿದು ನಿಜವಾದ ಪರಿಶಿಷ್ಟನ ನಾಮಪತ್ರವನ್ನೇ ತಿರಸ್ಕರಿಸುವ ಪ್ರಸಂಗಗಳು ಆಗ ಹುಟ್ಟದಿರವು. ನನ್ನ ತಕರಾರೇನಿದ್ದರೂ ಆ ‘ಕೋರ್ಟಿನ’ ದಾರಿಯ ಬಗೆಗೆ.

ಪಂಚಾಯಿತಿ ಚುನಾವಣೆಯನ್ನು ತಕರಾರು ಅರ್ಜಿಯ ಮೂಲಕವಲ್ಲದೆ ಮತ್ತಾವ ರೀತಿಯಲ್ಲಿಯೂ ಪ್ರಶ್ನಿಸಕೂಡದೆಂದು ಸಂವಿಧಾನದ 243-ಓ ವಿಧಿಯು ಹೇಳುತ್ತದೆ. ಆ ಅರ್ಜಿಯನ್ನು ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಸಲ್ಲಿಸಬೇಕೆಂದು ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮವು ವಿಧಿಸುತ್ತದೆ. ಚುನಾವಣೆಯ ನಡುವೆ ನ್ಯಾಯಾಲಯವು ಪ್ರವೇಶಿಸಬಾರದೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1952ರ ಪೊನ್ನುಸ್ವಾಮಿ ಪ್ರಕರಣದಲ್ಲಿಯೇ ಸ್ಥಾಪಿಸಿತು. ಅದರ ಹಿಂದಿನ ವಿವೇಕವನ್ನು ನಾನು ಅಲ್ಲಗಳೆಯೆನು. ಆದರೆ ಕೂಲಿನಾಲಿ ಮಾಡಿ ಬದುಕುವ ಸೋತ ಅಭ್ಯರ್ಥಿಯು ವಕೀಲರೊಬ್ಬರನ್ನು ಗೊತ್ತುಮಾಡಿಕೊಂಡು, ಎದುರಾಳಿಯ ತಂದೆಯ ಶಾಲಾ ದಾಖಲಾತಿಯ ನಕಲನ್ನು ಹೇಗೋ ಸಂಪಾದಿಸಿ, ಗಡುವಿನೊಳಗೆ ಅರ್ಜಿ ಹಾಕಿದನೆಂದೇ ಇಟ್ಟುಕೊಳ್ಳೋಣ; ಗಡುವೆಂಬುದು ಅವನೊಬ್ಬನಿಗೇ ಇದ್ದುದೆಂದು ಆಮೇಲೆ ಅವನಿಗೆ ತಿಳಿಯುತ್ತದೆ. ಸಮನ್ಸು, ಸಾಕ್ಷಿ, ಪಾಟೀಸವಾಲು, ಮುಂದೂಡಿಕೆ, ಮೇಲಿನ ಕೋರ್ಟಿನ ತಡೆಯಾಜ್ಞೆ ಇವೆಲ್ಲ ಸಾವಕಾಶವಾಗಿ ಸಾಗುತ್ತಿರಲು, ಇತ್ತ ಅಧ್ಯಕ್ಷಗಿರಿಯ 30 ತಿಂಗಳುಗಳು ಯಾರಿಗೂ ಕಾಯದೆ ಉರುಳಿಹೋಗುತ್ತವೆ. ವಿಧಾನಸಭೆಯ ಕಥೆಯೂ ಭಿನ್ನವಲ್ಲ. ಮುಳಬಾಗಿಲು ಮೀಸಲು ಕ್ಷೇತ್ರದ 2013ರ ಆಯ್ಕೆಯನ್ನು, ಗೆದ್ದವರು ಪರಿಶಿಷ್ಟ ಜಾತಿಗೆ ಸೇರಿದವರಲ್ಲವೆಂಬ ಕಾರಣದಿಂದ ಹೈಕೋರ್ಟು ಅಸಿಂಧುವೆಂದು ಸಾರಿದ್ದು 2018ರ ಏಪ್ರಿಲ್ ಕೊನೆಯಲ್ಲಿ, ಮುಂದಿನ ಚುನಾವಣೆಗೆ ಕೆಲವೇ ವಾರಗಳು ಉಳಿದಿದ್ದಾಗ. ಗೆದ್ದವನಿಗೆ ಐದು ವರ್ಷದ ಪದವಿ, ಸೋತವನಿಗೆ ತೀರ್ಪಿನ ಪ್ರತಿ!

ಹಾಗೆಂದು ಜಾತಿಯ ತಕರಾರೆಲ್ಲವೂ ವಂಚನೆಯ ತಕರಾರಲ್ಲ. 1962ರಲ್ಲಿ ಬೆಂಗಳೂರು ದಕ್ಷಿಣ ಮೀಸಲು ಕ್ಷೇತ್ರದಿಂದ ಗೆದ್ದ ಮುನಿಚಿನ್ನಪ್ಪನವರು ವಡ್ಡರು. ರಾಷ್ಟ್ರಪತಿಗಳ ಆದೇಶದ ಪಟ್ಟಿಯಲ್ಲಿದ್ದುದು ಭೋವಿ ಎಂಬ ಹೆಸರು. ಬಸವಲಿಂಗಪ್ಪನವರು ಸುಪ್ರೀಂ ಕೋರ್ಟಿನವರೆಗೂ ಒಯ್ದ ಆ ಮೊಕದ್ದಮೆಯಲ್ಲಿ, ಹಳೆಯ ಮೈಸೂರು ಸಂಸ್ಥಾನದಲ್ಲಿ ಭೋವಿಯೆಂಬ ಬೇರೊಂದು ಜಾತಿಯೇ ಇರಲಿಲ್ಲವೆಂಬುದನ್ನೂ, ವಡ್ಡರನ್ನು ಬೋಯಿಗಳೆಂದು ಕರೆಯತಕ್ಕದ್ದೆಂದು 1946ರಲ್ಲಿಯೇ ಸರ್ಕಾರದ ಆಜ್ಞೆಯಾಗಿದ್ದುದನ್ನೂ ಪರಿಗಣಿಸಿ, ನ್ಯಾಯಾಲಯವು ಆಯ್ಕೆಯನ್ನು ಎತ್ತಿಹಿಡಿಯಿತು. ಇಂತಹ ಪ್ರಾಮಾಣಿಕ ಸಂದೇಹಗಳು ಇಂದಿಗೂ ಉಂಟು. ಆಂಧ್ರದ ಗಡಿಯಾಚೆಯಿಂದ ಪಾವಗಡಕ್ಕೋ ಬಾಗೇಪಲ್ಲಿಗೋ ಸೊಸೆಯಾಗಿ ಬಂದ ಪರಿಶಿಷ್ಟ ಹೆಣ್ಣುಮಗಳು, ತವರಿನ ಪರಿಶಿಷ್ಟತೆ ರಾಜ್ಯದ ಗಡಿಯನ್ನು ದಾಟದು, ಜಾತಿಯೋ ಜನ್ಮದಿಂದ ಬಂದುದೇ ಹೊರತು ಮದುವೆಯಿಂದ ಬಂದುದಲ್ಲವೆಂಬ ಎರಡು ನಿಯಮಗಳ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅವಳು ಮೋಸಗಾತಿಯಲ್ಲ, ಆದರೆ ನಿಂತು ಗೆದ್ದ ಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಅದನ್ನು ಅರಿಯಬೇಕಾದ ದುರ್ಗತಿ ಅವಳಿಗೇಕೆ?

ಬೇಡ ಜಂಗಮ ಪ್ರಮಾಣಪತ್ರಗಳ ಬಗೆಗೆ ದಶಕಗಳಿಂದ ನಡೆದಿರುವ ವಿವಾದವನ್ನು ನಾನು ಇಲ್ಲಿ ಕೆದಕಹೋಗುವುದಿಲ್ಲ. ಪ್ರಮಾಣಪತ್ರವೇ ಸಂದೇಹಾಸ್ಪದವಾದಾಗ ಅದರ ಸಂಖ್ಯೆ ತಾಳೆಯಾದ ಮಾತ್ರಕ್ಕೆ ಏನೂ ಸಿದ್ಧವಾಗದೆಂಬುದಕ್ಕೆ ಅದು ಸಾಕಷ್ಟು ನಿದರ್ಶನ.

ಮೀಸಲಾತಿಯಡಿ ಆಯ್ಕೆಯಾದ ಗುಮಾಸ್ತನೊಬ್ಬನು ಸರ್ಕಾರಿ ನೌಕರಿಗೆ ಸೇರಬೇಕಾದರೆ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯಿಂದ ಸಿಂಧುತ್ವ ಪ್ರಮಾಣಪತ್ರವನ್ನು ತರಬೇಕು. ಆ ಗುಮಾಸ್ತನಂಥವರ ಮೇಲೆ ಅಧಿಕಾರ ನಡೆಸುವ ಅಧ್ಯಕ್ಷನಿಗೆ ಮಾತ್ರ ತಹಶೀಲ್ದಾರರ ಕಾಗದವೊಂದೇ ಸಾಕೆಂಬುದು ಯಾವ ನ್ಯಾಯ? ಮಹಾರಾಷ್ಟ್ರದಲ್ಲಿ ಅಭ್ಯರ್ಥಿಯು ಸಿಂಧುತ್ವ ಪತ್ರವನ್ನಾಗಲಿ ಅದಕ್ಕೆ ಅರ್ಜಿ ಹಾಕಿದ ರುಜುವಾತನ್ನಾಗಲಿ ಒದಗಿಸಬೇಕು, ಗೊತ್ತಾದ ಅವಧಿಯೊಳಗೆ ಪತ್ರ ಬಾರದಿದ್ದರೆ ಸ್ಥಾನ ಕಳೆದುಕೊಳ್ಳಬೇಕು. ಸಮಿತಿಯ ವಿಳಂಬಕ್ಕೆ ನಿಜವಾದ ಪರಿಶಿಷ್ಟನೂ ಬಲಿಯಾಗುವ ಆ ಕ್ರಮವನ್ನು ಹಾಗೆಯೇ ನಕಲುಮಾಡಿರೆಂದು ನಾನು ಹೇಳೆನು. ಮೀಸಲು ಸ್ಥಾನಗಳ ಪಟ್ಟಿಯನ್ನು ಚುನಾವಣೆಗೆ ಆರು ತಿಂಗಳು ಮುಂಚೆಯೇ ಪ್ರಕಟಿಸಿ, ಸ್ಪರ್ಧಿಸಬಯಸುವವರ ಪತ್ರಗಳನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿ, ಆಕ್ಷೇಪಣೆಗಳನ್ನು ಸಮಿತಿಯು ಮತದಾನಕ್ಕೆ ಮೊದಲೇ ವಿಚಾರಿಸಿ ತೀರ್ಮಾನಿಸಲಿ.

ಅಷ್ಟೊಂದು ಕಾಲಾವಕಾಶ ಎಲ್ಲಿದೆಯೆಂದು ವಿಧಾನಸೌಧದವರು ಕೇಳಿಯಾರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ, ಕ್ಷೇತ್ರ ವಿಂಗಡಣೆ ಮುಗಿದಿಲ್ಲ, ಮೀಸಲಾತಿ ನಿಗದಿಯಾಗಿಲ್ಲವೆಂಬ ಕಾರಣಗಳನ್ನು ಮುಂದೊಡ್ಡಿ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದಿದ್ದವರು, ಆರು ತಿಂಗಳಿಗೆ ತಮ್ಮಲ್ಲಿ ಪುರಸೊತ್ತಿಲ್ಲವೆಂದರೆ ನಂಬುವವರು ಯಾರು?